ಬ್ರೀದರ್ ಪೈಪಿನ ಬಳೆ

ಬಳೆ ತೊಡದೆ ಆ ಗ್ಯಾರೇಜಿನಿಂದ ಹೊರಗೆ ಹೋದ ಇಂಜಿನ್ ಒಂದೂ ಇರಲಿಲ್ಲ. ಕಾರು ಬಂದದ್ದು ಬ್ರೇಕಿನ ಕೆಲಸಕ್ಕೇ ಇರಲಿ, ಹೆಡ್‌ಲೈಟಿನ ಬಲ್ಬು ಬದಲಿಸಲಿಕ್ಕೇ ಇರಲಿ, ಕಳಿಸುವ ಮುಂಚೆ ಮೇಸ್ತ್ರಿಗಳು ಬಾನೆಟ್ಟಿನೊಳಗೆ ತಲೆ ತೂರಿಸಿ, ಬ್ರೀದರ್ ಪೈಪನ್ನು ಬಿಚ್ಚಿ, ತಾವೇ ಲೇತಿನಲ್ಲಿ ಕಡೆದ ಹಿತ್ತಾಳೆಯ ಪುಟ್ಟ ಬಳೆಯೊಂದನ್ನು ಅದರ ಬಾಯೊಳಗೆ ತುರುಕಿ ಮತ್ತೆ ಕ್ಲಿಪ್ಪು ಬಿಗಿಯುತ್ತಿದ್ದರು. ಮೂವತ್ತೆರಡು ವರ್ಷದ ಕಟ್ಟಳೆ ಅದು. ಊರಿಗೆಲ್ಲ ಅವರು ಬಳೆ ಮೇಸ್ತ್ರಿ. ಹಳೇ ಕಾರು ಕೊಳ್ಳಲು ಬಂದವರು ಟೈರು ಒದ್ದು ನೋಡಿದ ಮೇಲೆ ಕೇಳುತ್ತಿದ್ದ ಎರಡನೇ ಪ್ರಶ್ನೆಯೇ “ಬಳೆ ಹಾಕ್ಸಿದೀರಾ?” ಎಂದು.

ಬ್ರೀದರ್ ಪೈಪು ಅಂದರೆ ಇಂಜಿನ್ನಿನ ಮೂಗು ಅನ್ನಿ. ಎಷ್ಟೇ ಹೊಸ ಇಂಜಿನ್ ಆದರೂ ಪಿಸ್ಟನ್ನಿನ ಸಂದಿಯಿಂದ ಒಂದಿಷ್ಟು ಉರಿದ ಗಾಳಿ ಕೆಳಗೆ, ಆಯಿಲ್ ಇರುವ ಹೊಟ್ಟೆಯೊಳಕ್ಕೆ ಜಾರುತ್ತದೆ. ಅಲ್ಲಿ ಚಿಮ್ಮುವ ಆಯಿಲ್ ಮಂಜಾಗಿ ಅದರ ಜೊತೆ ಸೇರಿಕೊಳ್ಳುತ್ತದೆ. ಆ ಗಾಳಿ ಹೊರಗೆ ಹೋಗಲೇಬೇಕು. ಹೋಗುವ ದಾರಿಯಲ್ಲಿ ಮಂಜನ್ನು ಹಿಡಿದು, ಹನಿ ಮಾಡಿ, ಹಿಂದಕ್ಕೆ ಇಳಿಸಲಿಕ್ಕೆ ಒಂದು ಡಬ್ಬಿಯಿರುತ್ತದೆ. ಆದರೂ ಸ್ವಲ್ಪ ತಪ್ಪಿಸಿಕೊಂಡು ಬಂದು, ಹೊರಗಿನ ಗಾಳಿ ಒಳಗೆ ಬರುವ ಪೈಪನ್ನು ಜಿಡ್ಡು ಮಾಡುತ್ತದೆ. ಈ ಜಿಡ್ಡು ಕಂಡರೆ ಮೇಸ್ತ್ರಿಗಳ ಮೈ ಉರಿಯುತ್ತಿತ್ತು. ಗಾಳಿಯ ದಾರಿಯಲ್ಲಿ ಎಣ್ಣೆ ಕಾಣಬಾರದು ಎನ್ನುವುದು ಅವರ ವೇದವಾಕ್ಯ. ಮೂಗನ್ನು ಕಿರಿದು ಮಾಡಿದರೆ ಮಂಜು ಕಡಿಮೆ ಬರುತ್ತದೆ ಎಂದು ಕಂಡುಕೊಂಡು ಬಳೆ ಕಡೆದರು. ಹಳೆಯ ಕಾಲದ ನಿಧಾನಸ್ಥ ಇಂಜಿನ್ನುಗಳಿಗೆ ಅದು ಹೊಂದಿಕೊಂಡೂ ಹೋಯಿತು. ಹತ್ತು ಕಡೆ ಸೋರುವ ಮನೆಗೆ ಒಂದು ಕಿಟಕಿ ಮುಚ್ಚಿದರೆ ಏನಾಗುತ್ತದೆ?

ಆಮೇಲೆ ಟರ್ಬೊ ಬಂತು, ಇಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಗಾಲಿ. ಇಂಜಿನ್ನುಗಳು ಬದಲಾದವು, ಬಳೆ ಬದಲಾಗಲಿಲ್ಲ.

ಮೇಸ್ತ್ರಿಗಳ ಸೊಸೆಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು, ಅದೇ ಅವಳ ಸಂಕಟ. ಮದುವೆಗೆ ಮುಂಚೆ ಆರು ವರ್ಷ ಇಂಜಿನ್ ತಯಾರಿಸುವ ಕಾರ್ಖಾನೆಯ ಪರೀಕ್ಷೆ ಶೆಡ್ಡಿನಲ್ಲಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಡಯಲ್ಲುಗಳನ್ನು ನೋಡುತ್ತ ಕೆಲಸ ಮಾಡಿದ್ದವಳು. ಈ ಮನೆಗೆ ಬಂದ ಮೊದಲ ತಿಂಗಳಲ್ಲೇ ಕೇಳಿದ್ದಳು: “ಮಾವ, ಟರ್ಬೊ ಗಾಡಿಗೂ ಇದನ್ನ ಹಾಕ್ಬೇಕಾ?”

“ನಿನ್ನ ಡಯಲ್ ಹುಟ್ಟೋ ಮುಂಚೆ ನನ್ನ ಬಳೆ ಹುಟ್ಟಿದೆ ಕಣಮ್ಮ,” ಎಂದಿದ್ದರು ಮಾವ. ಗಿರಾಕಿಗಳೆಲ್ಲ ನಕ್ಕಿದ್ದರು. ಹೊಸ ಸೊಸೆ, ಅವಳೂ ನಕ್ಕಿದ್ದಳು. ಐದು ವರ್ಷದಿಂದ ತನ್ನ ಕೈಯಿಂದಲೇ ಬಳೆ ತುರುಕುತ್ತ ಬಂದಿದ್ದಳು.

ಆ ಸೋಮವಾರ ಬೆಳಿಗ್ಗೆ ಗಂಡ ಕೆಟ್ಟ ಗಾಡಿ ಎಳೆಯುವ ತನ್ನ ಲಾರಿಯ ಹಿಂದೆ ಒಂದು ಬಿಳಿ ಡೀಸೆಲ್ ಟ್ಯಾಕ್ಸಿಯನ್ನು ಕಟ್ಟಿಕೊಂಡು ಬಂದ. ಅದರ ಹಿಂಬದಿಯೆಲ್ಲ ಮಸಿ. ಲಾರಿಯ ಮುಂದಿನ ಸೀಟಿನಿಂದ ಟ್ಯಾಕ್ಸಿಯ ಒಡತಿ ಇಳಿದಳು. ಐವತ್ತು ದಾಟಿದ ಹೆಂಗಸು, ಹದಿನೆಂಟು ವರ್ಷದಿಂದ ವಿಮಾನ ನಿಲ್ದಾಣದ ದಾರಿಯಲ್ಲೇ ಓಡಿಸಿದವಳು, ಹಾಗಾಗಿ ಎಲ್ಲರಿಗೂ ಏರ್‌ಪೋರ್ಟಕ್ಕ. ಅವಳ ಮುಖ ಇನ್ನೂ ಬಿಳಿಚಿಕೊಂಡಿತ್ತು.

“ದಿಬ್ಬ ಹತ್ತಿಸ್ತಿದ್ದೆ, ಹಿಂದೆ ಇಬ್ರು ಕೂತಿದ್ರು,” ಎಂದಳು. “ಇದ್ದಕ್ಕಿದ್ದ ಹಾಗೆ ಇಂಜಿನ್ ಕಿರುಚೋಕೆ ಶುರು ಮಾಡ್ತು. ಕಾಲು ತೆಗೆದೆ, ಜಾಸ್ತಿಯಾಯ್ತು. ಕೀಲಿ ತಿರುಗಿಸಿದೆ, ನಿಲ್ಲಲಿಲ್ಲ. ಕೀಲಿ ತೆಗೆದು ಕೈಯಲ್ಲಿ ಹಿಡ್ಕೊಂಡೆ ತಂಗಿ, ಆಗ್ಲೂ ಓಡ್ತಾನೇ ಇತ್ತು!”

ಮಾವ ಕುರ್ಚಿಯಿಂದಲೇ ನಕ್ಕರು. “ಕೀಲಿ ಕೈಯಲ್ಲಿ, ಇಂಜಿನ್ ಓಟದಲ್ಲಿ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಬಿಸಿ ಬಿಸಿ ಇಂಜಿನ್ನ ಗಕ್ಕಂತ ಆರಿಸ್ತೀಯ, ಟರ್ಬೊ ಸುಟ್ಟುಹೋಗತ್ತೆ. ಇದು ಮೂರನೇದು.”

ಮೂರನೆಯದು ಎನ್ನುವುದರಲ್ಲೇ ಎಲ್ಲ ಇತ್ತು. ಕಾರು ಅಕ್ಕನದೇ ಆದರೂ ಅದು ಓಡುತ್ತಿದ್ದದ್ದು ಒಂದು ಟ್ಯಾಕ್ಸಿ ಕಂಪನಿಯ ಪಟ್ಟಿಯಲ್ಲಿ. ಗಾಡಿ ದಾರಿಯಲ್ಲಿ ನಿಂತಾಗಲೆಲ್ಲ ಗ್ಯಾರೇಜಿನವರು ಕಾರಣ ಬರೆದು ಸೀಲು ಹಾಕಿ ಕೊಡಬೇಕು. ಮೊದಲೆರಡು ಸಲವೂ ಮಾವ “ಚಾಲಕಿಯ ತಪ್ಪು” ಎಂದು ಬರೆಸಿ ಟರ್ಬೊ ಬದಲಿಸಿದ್ದರು. ಮೂರನೇ ಕಾಗದದಲ್ಲೂ ಅದೇ ಬಂದರೆ ಅಕ್ಕನ ಹೆಸರು ಪಟ್ಟಿಯಿಂದ ಹೊರಗೆ. ಆಮೇಲೆ ಬೇರೆ ಯಾವ ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ. ಹದಿನೆಂಟು ವರ್ಷ ಓಡಿಸಿದವಳು ಮನೆಯಲ್ಲಿ ಕೂರಬೇಕು.

“ಬುಧವಾರ ನಾಲ್ಕು ಗಂಟೆಗೆ ಪ್ಯಾಡು ಬರ್ತಾನೆ,” ಎಂದರು ಮಾವ. ಕಂಪನಿಯ ಸೂಪರ್‌ವೈಸರನಿಗೆ ಆ ಹೆಸರು ಬಿದ್ದದ್ದು ಅವನ ಕಂಕುಳಲ್ಲಿ ಸದಾ ಇರುವ ಬರೆಯುವ ಪ್ಯಾಡಿನಿಂದ. “ಅಷ್ಟರಲ್ಲಿ ಕಾಗದ ಬರೆದಿಡಮ್ಮ. ಹಳೇದನ್ನೇ ನೋಡ್ಕೊಂಡು ಬರಿ.”

ಸೊಸೆ ಗಂಡನ ಮುಖ ನೋಡಿದಳು. “ನಾನು ಎಳ್ಕೊಂಡು ಬರೋನು ಅಷ್ಟೆ,” ಎಂದು ಅವನು ಲಾರಿ ಹತ್ತಿದ. ಆ ಮನೆಯಲ್ಲಿ ಜಾಣನೆಂದರೆ ಅವನೇ.

ಅವಳು ಕಾಗದಕ್ಕೆ ಕೈ ಹಾಕಲಿಲ್ಲ, ಸ್ಪ್ಯಾನರಿಗೆ ಹಾಕಿದಳು. ಮೊದಲು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು: “ಕೀಲಿ ತೆಗೆದ್ರೂ ಓಡ್ತಿತ್ತಲ್ಲ, ಕೊನೆಗೆ ಹೇಗೆ ನಿಲ್ಲಿಸಿದ್ರಿ?”

“ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದೆ, ಐದನೇ ಗೇರಿಗೆ ಹಾಕಿದೆ, ಕ್ಲಚ್ಚಿಂದ ಕಾಲು ತೆಗೆದೆ. ಗಡಗಡ ಅಂತ ಅಲ್ಲಾಡಿ ಸತ್ತುಹೋಯ್ತು. ತಪ್ಪಾಯ್ತಾ?”

ಸೊಸೆ ಸ್ಪ್ಯಾನರು ಕೆಳಗಿಟ್ಟಳು. ಡೀಸೆಲ್ ಇಂಜಿನ್ ತನ್ನದೇ ಆಯಿಲನ್ನು ಕುಡಿಯಲು ಶುರು ಮಾಡಿದರೆ ಅದಕ್ಕೆ ಕೀಲಿಯ ಹಂಗಿಲ್ಲ. ಹೊಟ್ಟೆಯಲ್ಲಿ ಆಯಿಲ್ ಇರುವತನಕ ಏರುತ್ತ ಏರುತ್ತ ಕೊನೆಗೆ ಒಡೆದೇ ಹೋಗುತ್ತದೆ. ಕಾರ್ಖಾನೆಯ ಶೆಡ್ಡಿನಲ್ಲಿ ಅವಳು ಒಮ್ಮೆ ಅದನ್ನು ಕಂಡಿದ್ದಳು, ಅಂದು ಪಕ್ಕದಲ್ಲಿದ್ದ ಅನುಭವಸ್ಥ ಗಂಡಸರು ಓಡಿಹೋಗಿದ್ದರು. ಈಕೆ, ಹಿಂದಿನ ಸೀಟಿನಲ್ಲಿ ಇಬ್ಬರು ಪ್ರಯಾಣಿಕರನ್ನು ಇಟ್ಟುಕೊಂಡು, ಯಾರೂ ಹೇಳಿಕೊಡದೆ, ಸರಿಯಾದ ಒಂದೇ ಒಂದು ದಾರಿಯನ್ನು ಕಾಲಿನಿಂದಲೇ ಕಂಡುಕೊಂಡಿದ್ದಳು.

“ತಪ್ಪಲ್ಲ ಅಕ್ಕ,” ಎಂದಳು. “ನನ್ನ ಕೈಲಾಗಿದ್ರೆ ನಿಮ್ಮ ಕಾಲಿಗೆ ನಮಸ್ಕಾರ ಮಾಡ್ತಿದ್ದೆ. ಕೈಯೆಲ್ಲ ಗ್ರೀಸು.”

ಟರ್ಬೊ ಬಿಚ್ಚಿದಳು. ಒಳಗೆ ಆಯಿಲ್ ತೊಟ್ಟಿಕ್ಕುತ್ತಿತ್ತು, ನಿಜ. ಆದರೆ ಅದರ ಗಾಲಿಯ ತುದಿಯನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಸಡಿಲವಿಲ್ಲ. ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ಸತ್ತ ಟರ್ಬೊ ಹೀಗೆ ತಿರುಗುವುದಿಲ್ಲ, ಕರಕರ ಎನ್ನುತ್ತದೆ, ವಾಲಾಡುತ್ತದೆ. ಅವಳು ಏಣಿ ಹಾಕಿ ಹಿಂದಿನ ಗೋಡೆಯ ಅಟ್ಟದ ಮೇಲಿಂದ ಅಕ್ಕನ ಕಾರಿನ ಹಳೆಯ ಎರಡು ಟರ್ಬೊಗಳನ್ನು ಇಳಿಸಿದಳು. ಧೂಳು ಒರೆಸಿ ಬೆರಳಾಡಿಸಿದಳು. ಎರಡೂ ಬಿಗಿ, ಎರಡೂ ನುಣ್ಣಗೆ. ಸತ್ತಿವೆಯೆಂದು ತೆಗೆದಿಟ್ಟ ಮೂರೂ ಬದುಕಿಯೇ ಇದ್ದವು.

ಇನ್ನು ಬ್ರೀದರ್ ಪೈಪು. ಎರಡು ವರ್ಷದ ಹಿಂದೆ ಅದಕ್ಕೆ ಬಳೆ ತುರುಕಿದ್ದು ಅವಳ ಕೈಯೇ. ಕ್ಲಿಪ್ಪು ಸಡಿಲಿಸಿ ಟಾರ್ಚು ಬಿಟ್ಟು ನೋಡಿದಳು. ಬಳೆಯ ಒಳಗೆ ಕಿರುಬೆರಳು ತೂರುವಷ್ಟು ಇರಬೇಕಿದ್ದ ತೂತಿನಲ್ಲಿ ಕಪ್ಪು ಅಂಟು ಕೂತು ಕೂತು, ಈಗ ಸೂಜಿಕಣ್ಣಿನಷ್ಟು ಉಳಿದಿತ್ತು. ಗಾಳಿ ಹೊರಗೆ ಹೋಗಲಾರದೆ ಇಂಜಿನ್ನಿನ ಹೊಟ್ಟೆ ಉಬ್ಬುತ್ತದೆ. ಟರ್ಬೊಗೆ ಹೋದ ಆಯಿಲ್ ಕೆಳಗಿಳಿದು ಅದೇ ಹೊಟ್ಟೆಗೆ ಮರಳಬೇಕು; ಉಬ್ಬಿದ ಹೊಟ್ಟೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಳಿಯಲಾಗದ ಆಯಿಲ್ ಟರ್ಬೊದ ಸೀಲುಗಳ ಸಂದಿಯಿಂದ ಗಾಳಿಯ ಪೈಪಿಗೆ ನುಗ್ಗುತ್ತದೆ, ಅಲ್ಲಿಂದ ಇಂಜಿನ್ನಿನ ಬಾಯಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮೂಗು ಕಟ್ಟಿದ್ದಕ್ಕೆ ಟರ್ಬೊ ಬದಲಿಸಿದ್ದರು. ಬರೆಯ ಉರಿ ಮಾತ್ರ ಅಕ್ಕನಿಗೆ.

ಮಂಗಳವಾರ ಮಧ್ಯಾಹ್ನ ಅವಳು ಮಾವನ ಮೇಜಿನ ಮೇಲೆ ಮೂರು ಟರ್ಬೊಗಳನ್ನು ಸಾಲಾಗಿ ಇಟ್ಟಳು. ಹೇಳಬೇಕಾದದ್ದನ್ನು ಹೇಳಿದಳು. ಅತ್ತೆ ಚಹಾ ತಂದವರು ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

ಮಾವ ಟರ್ಬೊ ಮುಟ್ಟಲಿಲ್ಲ. “ಮೂವತ್ತೆರಡು ವರ್ಷ,” ಎಂದರು. “ಸಾವಿರಾರು ಗಾಡಿ. ಯಾವನೂ ಬಂದು ನಿನ್ನ ಬಳೆಯಿಂದ ಕೆಟ್ಟೆ ಅನ್ಲಿಲ್ಲ.”

“ಅವರಿಗೆ ಹೇಗೆ ಗೊತ್ತಾಗ್ಬೇಕು ಮಾವ? ಕೆಟ್ಟಾಗೆಲ್ಲ ನಿನ್ನ ಕಾಲು ಸರಿಯಿಲ್ಲ ಅಂತ ನಾವೇ ಹೇಳಿ ಕಳಿಸಿದೀವಿ.”

“ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ನೆ ಅಂದಿದಾರಾ? ಓಡಿಸೋವಾಗ ಬುದ್ಧಿ ತಲೇಲಿರ್ಬೇಕು.”

“ಇರ್ಲಿ ಮಾವ, ಮೊಣಕಾಲ ಕೆಳಗೇ ಇರ್ಲಿ,” ಎಂದಳು ಸೊಸೆ. ತನ್ನ ದನಿ ಇಷ್ಟು ಗಟ್ಟಿಯಾಗಿ ಆ ಗ್ಯಾರೇಜಿನಲ್ಲಿ ಕೇಳಿದ್ದು ಅವಳಿಗೇ ಹೊಸದು. “ಆ ಮೊಣಕಾಲ ಕೆಳಗಿನ ಬುದ್ಧಿನೇ ಸೋಮವಾರ ಮೂರು ಜೀವ ಉಳಿಸಿದ್ದು. ತಲೇಲಿರೋ ಬುದ್ಧಿ ಇಲ್ಲಿ ಕುರ್ಚೀಲಿ ಕೂತ್ಕೊಂಡು ನಗ್ತಿತ್ತು.”

ಮಾವನ ಕಿವಿ ಕೆಂಪಾಯಿತು. “ನಾನು ಹೇಳಿದ್ದನ್ನ ಬರಿ. ರುಜು ಹಾಕು. ಸೀಲು ನನ್ನ ಹತ್ರ ಇದೆ,” ಎಂದು ಸೊಂಟದ ಕೀಲಿಗೊಂಚಲನ್ನು ತಟ್ಟಿ ಎದ್ದು ಹೋದರು.

ಆ ಗೊಂಚಲಲ್ಲಿ ಸೀಲಿನ ಪೆಟ್ಟಿಗೆಯ ಕೀಲಿಯ ಜೊತೆ ಇನ್ನೊಂದು ಕೀಲಿಯಿತ್ತು, ಅತ್ತೆಯ ಕಾರಿನದು. ಅಂಗಳದ ಮೂಲೆಯಲ್ಲಿ ಬೂದು ಹೊದಿಕೆ ಹೊದ್ದು ನಿಂತ ನೀಲಿ ಕಾರು. ಅತ್ತೆ ಅದನ್ನು ಖುಷಿಯಿಂದ ಓಡಿಸಿಕೊಂಡಿದ್ದರು, ತಂಗಿಯ ಮನೆಗೆ, ಲೈಬ್ರರಿಗೆ, ಒಮ್ಮೊಮ್ಮೆ ಸುಮ್ಮನೆ ಹೆದ್ದಾರಿಯ ತುದಿಯವರೆಗೆ. ಒಂದು ದಿನ ಅದು ನೀಲಿ ಹೊಗೆ ಬಿಟ್ಟಿತು. “ನಿನ್ನ ಕಾಲು ಭಾರ. ತುಳಿದು ತುಳಿದು ಟರ್ಬೊ ಕೊಂದೆ,” ಎಂದು ಮಾವ ಕೀಲಿ ಕಿತ್ತುಕೊಂಡರು. ಎರಡು ವರ್ಷವಾಗಿತ್ತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುವ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಅತ್ತೆ ಬಸ್ಸು ಹಿಡಿಯುವುದನ್ನು ಕಲಿತಿದ್ದರು. ಮನೆಗೆ ಬಂದವರ ಮುಂದೆ “ನನ್ನ ಕಾಲು ಭಾರವಂತೆ” ಎಂದು ತಾವೇ ತಮಾಷೆ ಮಾಡಿಕೊಳ್ಳುವುದನ್ನೂ ಕಲಿತಿದ್ದರು.

ಅತ್ತೆ ಲೋಟ ಕೆಳಗಿಟ್ಟು, ಮೇಜಿನ ಮೇಲಿದ್ದ ಒಂದು ಟರ್ಬೊದ ಗಾಲಿಯನ್ನು ಬೆರಳ ತುದಿಯಿಂದ ತಿರುಗಿಸಿದರು. ಅದು ತಿರುಗುತ್ತಲೇ ಇತ್ತು. “ಇದು ಸತ್ತಿದ್ಯಾ?” ಎಂದು ಕೇಳಿದರು.

“ಇಲ್ಲ ಅತ್ತೆ.”

ಅತ್ತೆ ಅಂಗಳದ ಮೂಲೆಯ ಬೂದು ಹೊದಿಕೆಯತ್ತ ನೋಡಿದರು.

ಬುಧವಾರ ನಾಲ್ಕು ಗಂಟೆಗೆ ಪ್ಯಾಡು ಬಂದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಆಯಿಲಿನ ನೆಲದ ಮೇಲೆ ಬೆಕ್ಕಿನ ಹೆಜ್ಜೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು, ಶಿಕ್ಷೆ ಕೇಳಲು ಬಂದವಳಂತೆ. ಮಾವ ಕುರ್ಚಿ ಕೊಟ್ಟು, “ಸೊಸೆ ಕಾಗದ ಕೊಡ್ತಾಳೆ,” ಎಂದರು.

“ಕೊಡ್ತೀನಿ,” ಎಂದಳು ಸೊಸೆ. “ಅದಕ್ಕೂ ಮುಂಚೆ ಹತ್ತು ನಿಮಿಷ ಒಂದು ವಸ್ತು ನೋಡಿ ಸಾರ್.”

ಟ್ಯಾಕ್ಸಿ ಸಿದ್ಧವಾಗಿತ್ತು. ಪೈಪುಗಳ ಆಯಿಲ್ ಒರೆಸಿ, ಅದೇ ಟರ್ಬೊವನ್ನೇ, ಮಾವನ ಪ್ರಕಾರ ಸತ್ತದ್ದನ್ನೇ, ಮತ್ತೆ ಕೂಡಿಸಿದ್ದಳು. ಬಳೆಯನ್ನು ಇದ್ದ ಜಾಗದಲ್ಲೇ ಬಿಟ್ಟಿದ್ದಳು. ಅಕ್ಕನ ಕೈಗೆ ಒಂದು ಚಪ್ಪಟೆ ಹಲಗೆ ಕೊಟ್ಟು ಗಾಳಿ ಪೈಪಿನ ಬಾಯಿಯ ಪಕ್ಕ ನಿಲ್ಲಿಸಿದಳು: “ಕಿರುಚಿದ್ರೆ ಬಾಯಿಗೆ ಇದನ್ನ ಒತ್ತಿ. ಉಸಿರು ಕಟ್ಟಿ ನಿಲ್ಲತ್ತೆ.” ಅಕ್ಕ ತಲೆಯಾಡಿಸಿದಳು. ಆ ಹಲಗೆ ಹಿಡಿದ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

ಇಂಜಿನ್ ಬಿಸಿಯಾಗುವವರೆಗೆ ಓಡಿಸಿದಳು. ಆಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ಬಾಯಿಗೆ ಕೈಗೆ ಹಾಕುವ ತೆಳ್ಳನೆಯ ರಬ್ಬರ್ ಗ್ಲೌಸು ಒಂದನ್ನು ಕಟ್ಟಿದಳು. ಗ್ಲೌಸು ಮೊದಲು ಜೋತುಬಿದ್ದಿತ್ತು. ನಿಧಾನಕ್ಕೆ ಅಂಗೈ ಉಬ್ಬಿತು. ಹೆಬ್ಬೆರಳು ಎದ್ದಿತು. ಸೊಸೆ ಸ್ವಲ್ಪ ವೇಗ ಏರಿಸಿದಳು. ನಾಲ್ಕು ಬೆರಳೂ ಒಂದೊಂದಾಗಿ ಸೆಟೆದು ನಿಂತವು. ಬಾನೆಟ್ಟಿನ ಒಳಗಿಂದ ಯಾರೋ ‘ನಿಲ್ಲಿ’ ಎಂದು ಕೈ ಎತ್ತಿದ ಹಾಗೆ ಕಂಡಿತು. ಪ್ಯಾಡು ಒಂದು ಹೆಜ್ಜೆ ಹಿಂದೆ ಸರಿದ.

“ಇಷ್ಟು ಒತ್ತಡ ಒಳಗಿದೆ ಸಾರ್. ಇದಕ್ಕೆ ಹೊರಗೆ ಹೋಗೋ ದಾರಿ ಇಲ್ಲ.”

“ಅದು ಇಂಜಿನ್ ಸವೆದಿದ್ದಕ್ಕೆ!” ಮಾವ ಎದ್ದು ಬಂದರು. “ಇವಳು ಓಡಿಸಿ ಓಡಿಸಿ ಪಿಸ್ಟನ್ ಸವೆಸಿದಾಳೆ. ಸವೆದ ಇಂಜಿನ್ ಉಬ್ಬದೆ ಏನು ಮಾಡತ್ತೆ?”

ಮಾತು ತೂಕದ್ದೇ. ಮೂವತ್ತೆರಡು ವರ್ಷ ಸುಮ್ಮನೆ ಹೋಗಿರಲಿಲ್ಲ. ಸವೆದ ಇಂಜಿನ್ನೂ ಗ್ಲೌಸು ಉಬ್ಬಿಸುತ್ತದೆ. ಸೊಸೆ ಅದಕ್ಕೇ ಕಾದಿದ್ದಳು. ಇಂಜಿನ್ ಆರಿಸಿದಳು.

“ಸರಿ ಮಾವ. ಇಂಜಿನ್ ಸವೆದಿದ್ರೆ ಬಳೆ ತೆಗೆದ್ರೂ ಇದು ಉಬ್ಬಬೇಕು. ನೀವೇ ತೆಗೀರಿ. ಹಾಕಿದ್ದು ನಾನು, ಹಾಕ್ಸಿದ್ದು ನೀವು.”

ಮಾವ ಸ್ಕ್ರೂಡ್ರೈವರಿಗೆ ಕೈ ಚಾಚಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಜೀವನವೆಲ್ಲ ಸಾಧಿಸಿದವರಿಗೆ ನಾಲ್ಕನೇ ಕಾಲು ಎಣಿಸುವುದು ಸುಲಭವಲ್ಲ. ಅವಳೇ ತೆಗೆದಳು. ಬಳೆಯನ್ನು ಚಿಂದಿಯ ಮೇಲಿಟ್ಟು, ಪೈಪು ಒರೆಸಿ, ಮತ್ತೆ ಕೂಡಿಸಿ, ಸ್ಟಾರ್ಟ್ ಮಾಡಿದಳು. ಗ್ಲೌಸು ಜೋತುಬಿದ್ದೇ ಇತ್ತು. ವೇಗ ಏರಿಸಿದಳು. ಬೆರಳುಗಳು ಏಳುವ ಬದಲು ಮೆಲ್ಲಗೆ ಒಳಕ್ಕೆ ಸೇದಿಕೊಂಡವು. ಇನ್ನೂ ಏರಿಸಿದಳು. ಇಡೀ ಗ್ಲೌಸು ಮುದುಡಿ ಬಾಯೊಳಗೆ ಇಳಿಯಿತು. ತೆರೆದ ಮೂಗಿನಿಂದ ಹೊಟ್ಟೆಯ ಗಾಳಿ ಸರಾಗವಾಗಿ ಹೊರಗೆ ಸೇದಿಹೋಗುತ್ತಿತ್ತು. ಹಿಂದೆ ಹೊಗೆ ಕೊಳವೆಯಲ್ಲಿ ಉಳಿದ ಆಯಿಲ್ ಒಂದು ಸಲ ನೀಲಿ ಹೊಗೆ ಉಗುಳಿ, ಆಮೇಲೆ ತಿಳಿಯಾಯಿತು.

ಅಕ್ಕ ಹಲಗೆ ಹಿಡಿದೇ ಇದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?” ಎಂದಳು ಸೊಸೆ.

ಪ್ಯಾಡು ಪೆನ್ನಿನ ಮುಚ್ಚಳ ತೆಗೆದ. “ನಾನು ನೋಡಿದ್ದು ಲೆಕ್ಕಕ್ಕಿಲ್ಲಮ್ಮ. ಗ್ಯಾರೇಜಿನ ಕಾಗದ ಬೇಕು. ಸೀಲು ಬೇಕು. ಇವತ್ತೇ ಬೇಕು, ನಾಳೆ ಪಟ್ಟಿ ತಯಾರಾಗತ್ತೆ.”

ಅವಳು ಅಲ್ಲೇ, ಬಾನೆಟ್ಟಿನ ಅಂಚಿನ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು: “ಈ ವಾಹನದ ಯಾವ ಟರ್ಬೊವೂ ಕೆಟ್ಟಿರಲಿಲ್ಲ. ಬ್ರೀದರ್ ಪೈಪಿಗೆ ಈ ಗ್ಯಾರೇಜಿನಲ್ಲಿ ಹಾಕಿದ ಹಿತ್ತಾಳೆ ಬಳೆ ಕಟ್ಟಿಕೊಂಡು ಆಯಿಲ್ ಹಿಂದೆ ನುಗ್ಗಿದೆ. ಬಳೆ ಹಾಕಿದವಳು ನಾನು. ಚಾಲಕಿಯ ತಪ್ಪೇನೂ ಇಲ್ಲ. ಅವರ ಸಮಯಪ್ರಜ್ಞೆಯಿಂದ ವಾಹನ ಮತ್ತು ಪ್ರಯಾಣಿಕರು ಉಳಿದಿದ್ದಾರೆ. ಹಿಂದಿನ ಎರಡು ವರದಿಗಳು ತಪ್ಪು.” ಕೆಳಗೆ ರುಜು ಹಾಕಿದಳು.

“ಆ ಕಾಗದ ಈ ಬಾಗಿಲು ದಾಟಿದ್ರೆ,” ಮಾವನ ದನಿ ನಡುಗುತ್ತಿತ್ತು, “ನಾಳೆಯಿಂದ ನೀನು ಗ್ಯಾರೇಜಿಗೆ ಕಾಲಿಡ್ಬೇಡ. ಸೀಲಂತೂ ಸಿಗಲ್ಲ. ಸೀಲಿಲ್ಲದ ಕಾಗದ ಪೊಟ್ಟಣ ಕಟ್ಟೋಕೆ!”

ಸೊಸೆಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆ ಜಾಗ, ಗಾಡಿಯ ಕೆಳಗಿಳಿದು ಕೆಲಸ ಮಾಡುವ ಆ ಗುಂಡಿ, ಆ ಉಪಕರಣಗಳ ಗೋಡೆ, ಮನೆಯ ಅಡುಗೆಕೋಣೆಗಿಂತ ಹೆಚ್ಚು ಅವಳದಾಗಿತ್ತು. ಆದರೂ ಕಾಗದವನ್ನು ಮಡಚಲಿಲ್ಲ, ಮುಂದೆ ಚಾಚಿ ಹಿಡಿದೇ ನಿಂತಳು. ಪ್ಯಾಡು ಅವರಿಬ್ಬರ ಮುಖವನ್ನೂ ನೋಡಿ ಪೆನ್ನಿನ ಮುಚ್ಚಳ ಹಾಕತೊಡಗಿದ.

ಆಗ ಅಂಗಳದ ಮೂಲೆಯಲ್ಲಿ ಬಾನೆಟ್ಟು ಬಿದ್ದ ಸದ್ದಾಯಿತು.

ಎಲ್ಲರೂ ಗ್ಲೌಸು ನೋಡುತ್ತಿದ್ದಾಗ ಅತ್ತೆ ಬೂದು ಹೊದಿಕೆ ಸರಿಸಿದ್ದರು. ಮಾವ ಬೀಗ ಹಾಕಿದ್ದು ಕೀಲಿಗೆ, ಬಾನೆಟ್ಟಿಗಲ್ಲ. ಈ ಕಾರಿನ ಬಾಗಿಲಿಗೆ ಬೀಗ ನಿಲ್ಲದೆ ಎಷ್ಟೋ ಕಾಲವಾಗಿತ್ತು, ಬಾನೆಟ್ಟು ತೆರೆಯುವ ಹಿಡಿ ಒಳಗೇ ಸಿಗುತ್ತಿತ್ತು. ಅವರ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಮೂವತ್ತೆರಡು ವರ್ಷ ಚಹಾ ತರುವಾಗೆಲ್ಲ ಬಾಗಿಲಲ್ಲಿ ನಿಂತು ನೋಡಿದವರಿಗೆ ಬ್ರೀದರ್ ಪೈಪು ಎಲ್ಲಿರುತ್ತದೆ ಎಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಅವರು ನೇರ ಬಂದು ಮಾವನ ಮುಂದೆ ಮೇಜಿನ ಮೇಲೆ ಒಂದು ಹಿತ್ತಾಳೆ ಬಳೆ ಇಟ್ಟರು. ಅದರ ತೂತು ಪೂರ್ತಿ ಮುಚ್ಚಿಹೋಗಿತ್ತು. ಸೂಜಿಕಣ್ಣೂ ಇರಲಿಲ್ಲ.

“ನನ್ನ ಕಾಲು ಭಾರ ಅಂದ್ರಿ,” ಎಂದರು ಅತ್ತೆ. ದನಿ ಏರಿರಲಿಲ್ಲ. “ಎರಡು ವರ್ಷ ಬಸ್ಸಲ್ಲಿ ಓಡಾಡ್ದೆ. ಬಂದವರ ಮುಂದೆಲ್ಲ ನನ್ನ ಕಾಲನ್ನ ನಾನೇ ಆಡ್ಕೊಂಡು ನಕ್ಕೆ. ಭಾರ ಇದ್ದಿದ್ದು ಇದು ಕಣ್ರೀ. ಎತ್ತಿ ನೋಡಿ.”

ಮಾವ ಬಳೆಯಿಂದ ಮುಖ ತಿರುಗಿಸಿದರು.

ಅತ್ತೆ ಕಪ್ಪು ಅಂಗೈ ಚಾಚಿದರು. “ಕೀಲಿ ಕೊಡಿ.”

“ಏ ಇವಳೇ, ಎಲ್ಲರ ಮುಂದೆ...”

“ಎಲ್ಲರ ಮುಂದೇನೇ ಕಿತ್ಕೊಂಡಿದ್ರಿ. ಕೊಡಿ.”

ಮಾವ ಅಕ್ಕನನ್ನು ನೋಡಿದರು, ಪ್ಯಾಡುವನ್ನು ನೋಡಿದರು, ಮೇಜಿನ ಮೇಲಿನ ಬಳೆಯನ್ನು ನೋಡಿದರು. ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲೆ ಹಾಕಿದರು, ಕೈಗೆ ಕೊಡಲಿಲ್ಲ. ಅತ್ತೆಗೆ ಅಷ್ಟು ಸಾಕಾಗಿತ್ತು. ಪೆಟ್ಟಿಗೆ ತೆರೆದು ಸೀಲು ತೆಗೆದು ಸೊಸೆಯ ಕೈಗಿಟ್ಟರು. ಕಾರಿನ ಕೀಲಿಯನ್ನು ಗೊಂಚಲಿನಿಂದ ಕಳಚಿ ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸೀಲು ಕಾಗದದ ಮೇಲೆ ಠಪ್ಪನೆ ಬಿತ್ತು.

ಪ್ಯಾಡು ಕಾಗದವನ್ನು ಎರಡು ಸಲ ಓದಿ ಪ್ಯಾಡಿಗೆ ಸಿಕ್ಕಿಸಿಕೊಂಡ. “ನಿಮ್ಮ ಹೆಸರು ಇರತ್ತಮ್ಮ,” ಎಂದ ಅಕ್ಕನಿಗೆ. “ಹಳೇ ಎರಡನ್ನೂ ತೆಗೆಸ್ತೀನಿ.” ಆಮೇಲೆ ಬಾಗಿಲ ತನಕ ಹೋದವನು ತಿರುಗಿ ಬಂದು ಸೊಸೆಯನ್ನು ಮೆಲ್ಲಗೆ ಕೇಳಿದ: “ನನ್ನ ಕಾರಿಗೂ ಮೇಸ್ತ್ರಿಗಳು ಬಳೆ ಹಾಕಿದಾರೆ. ಯಾವಾಗ ತರ್ಲಿ?”

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಮಾವ ಗ್ಯಾರೇಜಿನ ಬಾಗಿಲಿನ ಸರಿಯಾಗಿ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊಸೆ ಎಂದಿನಂತೆ ಕೂದಲು ಕಟ್ಟಿ, ಮೇಲಂಗಿ ತೊಟ್ಟು ಬಂದಳು.

“ಬರ್ಬೇಡ ಅಂದಿದ್ದೆ,” ಎಂದರು ಮಾವ.

“ಕೇಳಿಸ್ತು ಮಾವ,” ಎಂದು ಕುರ್ಚಿಯ ಪಕ್ಕದಿಂದ ಓರೆಯಾಗಿ ನುಸುಳಿ ಒಳಗೆ ಹೋದಳು.

ಹಳೆಯ ಕೆಲಸದ ಪುಸ್ತಕ ತೆರೆದು ಟರ್ಬೊ ಗಾಡಿಗಳನ್ನು ಹುಡುಕಿ ಒಂದೊಂದಕ್ಕೂ ಫೋನು ಮಾಡತೊಡಗಿದಳು. “ಬಳೆ ಮೇಸ್ತ್ರಿಗಳ ಗ್ಯಾರೇಜಿಂದ. ಹೌದು. ಬಳೆ ತೆಗೆಸ್ಕೊಳೋಕೆ ಬನ್ನಿ. ಇಲ್ಲ, ನಮ್ಮದೇ ತಪ್ಪು. ನಮ್ಮದೇ.” ಪ್ರತಿ ಸಲ ‘ನಮ್ಮದೇ’ ಎಂದಾಗಲೂ ಬಾಗಿಲಿನಲ್ಲಿದ್ದ ಬೆನ್ನು ಸ್ವಲ್ಪ ಅಲುಗುತ್ತಿತ್ತು.

“ಎಷ್ಟಿವೆ?” ಎಂದು ಕೊನೆಗೆ ಬೆನ್ನೇ ಕೇಳಿತು.

“ನಲವತ್ತೊಂದು. ಹನ್ನೊಂದು ನಾನೇ ಹಾಕಿದ್ದು.”

ಮಾವ ಕುರ್ಚಿಯನ್ನು ಬಿಡಲಿಲ್ಲ.

ಒಂಬತ್ತು ಗಂಟೆಗೆ ಬೀದಿಯ ತಿರುವಿನಲ್ಲಿ ನೀಲಿ ಕಾರು ಕಾಣಿಸಿತು. ಹಿಂದಿನ ಸಂಜೆಯೇ ಸೊಸೆ ಅದರ ಪೈಪುಗಳನ್ನು ಒರೆಸಿ ಕೊಟ್ಟಿದ್ದಳು. ಅತ್ತೆ ನಸುಕಿಗೇ ಎದ್ದು, ಏರ್‌ಪೋರ್ಟಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗಿದ್ದರು. ಕಾರಿನ ಹಿಂದೆ ಹೊಗೆಯಿರಲಿಲ್ಲ. ಕಿಟಕಿಗಳು ಇಳಿದಿದ್ದವು, ಒಳಗೆ ಇಬ್ಬರು ಹೆಂಗಸರು ಏನಕ್ಕೋ ಜೋರಾಗಿ ನಗುತ್ತಿದ್ದರು.

“ಕುರ್ಚಿ ಸರಿಸಿ ಮಾವ,” ಎಂದಳು ಸೊಸೆ. “ಕಾರು ಬರ್ತಿದೆ.”

ಮಾವ ಕದಲಲಿಲ್ಲ. ಅತ್ತೆ ಹಾರ್ನ್ ಮಾಡಿದರು. ಮಾವ ಕೈಕಟ್ಟಿ ಕೂತರು. ಅತ್ತೆ ಹಾರ್ನ್ ಬಿಟ್ಟು ಕಾರನ್ನು ನೇರ ಬಾಗಿಲಿಗೆ ತಿರುಗಿಸಿದರು. ಅಂಗಳದ ಇಳಿಜಾರಿನಲ್ಲಿ ಅದು ಆತುರವಿಲ್ಲದೆ, ಎಲ್ಲೂ ಕುಲುಕದೆ, ಒಂದೇ ಗತಿಯಲ್ಲಿ ಇಳಿದು ಬಂತು. ಸೊಸೆ ಕಿವಿಯಿಂದ ಫೋನು ಇಳಿಸಿದಳು. ಬಂಪರು ಮಾವನ ಮೊಣಕಾಲಿಗೆ ಸರಿಯಾಗಿ ಒಂದು ಗೇಣು ಉಳಿದಿರುವಾಗ ಕಾರು ನಿಂತಿತು. ಕುರ್ಚಿ ಅಲುಗಲಿಲ್ಲ, ಟೈರು ಕಿರುಗುಟ್ಟಲಿಲ್ಲ.

ಮಾವ ಆ ಒಂದು ಗೇಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಾಜಿನಾಚೆ ಸ್ಟೀರಿಂಗ್ ಹಿಡಿದು ಕೂತ ಹೆಂಡತಿಯನ್ನು ನೋಡಿದರು. ಅತ್ತೆ ಕಣ್ಣು ಮಿಟುಕಿಸಲಿಲ್ಲ, ಕಾಲನ್ನೂ ಬ್ರೇಕಿನಿಂದ ತೆಗೆಯಲಿಲ್ಲ.

ಮಾವ ಎದ್ದು ಕುರ್ಚಿ ಸರಿಸಿದರು.